ನುಂಗುಮಣೆಯ ಮುಂದೆ ಬಂಬಾರ ಕಾಳು

ಅಕಿಸಿಮ್ ದಿಣ್ಣೆ ಬೀಜಶಾಲೆ,
ಫೆಬ್ರವರಿ ಮೂವತ್ತು, ೨೩೧೧

ನಮಗಿಂತ ಮೊದಲು ಹುಟ್ಟಿಯೂ ನಮಗಿಂತ ಚಿಕ್ಕವರಾಗಿ ಉಳಿದಿರುವ ಮಹನೀಯರೇ, ಮಹಿಳೆಯರೇ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಮೂವತ್ತು ದಿನಗಳಾಗಿ ಬಹಳ ಕಾಲವಾಯಿತು. ಮೇ ತಿಂಗಳ ಬಿಸಿಲು ತಡೆಯಲಾರದೆ ಅದರಿಂದ ಕೆಲವು ದಿನಗಳನ್ನು ಕಿತ್ತು ಬಡಪಾಯಿ ಫೆಬ್ರವರಿಗೆ ದಾನ ಕೊಟ್ಟೆವು. ಮೇ ಕುಗ್ಗಿತು, ಮೈ ಉಳಿಯಿತು ಎಂದು ಸಂತೋಷಪಟ್ಟೆವು. ಬಿಸಿಲಿಗೆ ಪಂಚಾಂಗ ಓದುವ ಅಭ್ಯಾಸವಿಲ್ಲದ ಕಾರಣ ಅದು ಇದ್ದಂತೆಯೇ ಇದೆ.

ಈ ಪತ್ರದ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ತಲೆಮಾರುಗಟ್ಟಲೆ ಬಾಯಿಂದ ಬಾಯಿಗೆ ಉರುಳಿ ಬಂದ ಕನ್ನಡ ಇದು. ಅಂಚು ಸವೆದಿದೆ, ಅಲ್ಲಲ್ಲಿ ಹೊಸ ಮಣ್ಣು ಮೆತ್ತಿದೆ. ಅರ್ಥವಾಗದ ಪದ ಬಂದಲ್ಲಿ ಅಲ್ಲೇ ಬಿಡಿಸಿ ಹೇಳುತ್ತೇನೆ. ಈ ತೊಂದರೆಗಾಗಿ ಕ್ಷಮೆ ಇರಲಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ಉಳಿದದ್ದನ್ನೆಲ್ಲ ಅಸಹ್ಯಪಟ್ಟುಕೊಂಡೇ ಬರೆಯುತ್ತಿದ್ದೇನೆ. ಓದುವಾಗ ಕಾಗದ ಕೈಗೆ ಅಂಟಂಟಾದರೆ ಅದು ನಿಮ್ಮದೇ ಅಡುಗೆಯ ಲೋಳೆ ಎಂದು ತಿಳಿಯಿರಿ.

ನಾನು ಈ ಶಾಲೆಯ ಕನ್ನಡ ಮೇಷ್ಟ್ರು, ಹೆಸರು ಮರಿಲಿಂಗ ಒಪೊಲೊಟ್. ದಿಣ್ಣೆ ಇರುವುದು ನಿಮ್ಮ ನಕ್ಷೆಯಲ್ಲಿ ಉಗಾಂಡ ಎಂದು ಬರೆದಿರುವ ಜಾಗದ ಪೂರ್ವಕ್ಕೆ, ಟೆಸೊ ಜನರ ಸೀಮೆಯಲ್ಲಿ. ಅಲ್ಲಿ ಕನ್ನಡ ಮೇಷ್ಟ್ರಿಗೇನು ಕೆಲಸ ಎಂದು ಕೇಳುತ್ತೀರಿ. ನಿಮ್ಮ ಮಕ್ಕಳ ಕಾಲದಲ್ಲಿ ಮಂಡ್ಯ ಕಡೆಯಿಂದ ಒಂದು ತಂಡ ಇಲ್ಲಿಗೆ ಬಂತು. ನಿಮಗೆ ಅದು ಇನ್ನೂ ಬರಬೇಕಾದದ್ದು, ನಮಗೆ ಬಂದು ಹೋದದ್ದು. ಕಾಲಗಳ ಈ ಕಲಬೆರಕೆಯನ್ನು ದಯವಿಟ್ಟು ಸಹಿಸಿಕೊಳ್ಳಿ. ಆಫ್ರಿಕದ ತರುಣ ತರುಣಿಯರಿಗೆ ತಳಿ ಬೆಳೆಸುವ ವಿದ್ಯೆ ಕಲಿಸುವುದು, ಯಾರೂ ಕಣ್ಣೆತ್ತಿ ನೋಡದ, ಆದರೆ ಮಳೆ ಕೈಕೊಟ್ಟರೂ ನೆಲ ಬಿಡದ ಬೆಳೆಗಳನ್ನು ಅವರ ಕೈಯಿಂದಲೇ ಸುಧಾರಿಸುವುದು, ಇದು ಆ ತಂಡದ ಉದ್ದೇಶ. ಒಳ್ಳೆಯ ಉದ್ದೇಶ. ಅದನ್ನು ನಾನು ಗೇಲಿ ಮಾಡುವುದಿಲ್ಲ. ಗೇಲಿಗೆ ಬೇರೆ ಬೇಕಾದಷ್ಟು ಸಾಮಗ್ರಿ ಇದೆ. ಬಂದವರು ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿದರು, ಬೈಗುಳವನ್ನು ಕನ್ನಡದಲ್ಲಿ. ಪಾಠ ಮರೆತುಹೋಯಿತು. ಬೈಗುಳ ಉಳಿಯಿತು, ಅದರ ಸುತ್ತ ಮೆಲ್ಲಗೆ ವ್ಯಾಕರಣ ಬೆಳೆಯಿತು, ಈಗ ದಿಣ್ಣೆಯ ಮೇಲೆ ಹುಟ್ಟುವ ಮಗು ಮೊದಲು ಅಳುವುದೇ ಮಂಡ್ಯದ ಕನ್ನಡದಲ್ಲಿ.

ಆ ತಂಡದವರು ಕಲಿತವರು. ಬರ ತಡೆಯುವ ಗುಣ, ಇಳುವರಿ, ಬೇರಿನ ಆಳ, ಎಲ್ಲಕ್ಕೂ ಅವರ ಬಳಿ ಅಳತೆ ಇತ್ತು. ತಿನ್ನಲು ಯೋಗ್ಯವೇ ಎಂಬುದಕ್ಕೆ ಮಾತ್ರ ಅಳತೆ ಇರಲಿಲ್ಲ. ಅವರು ಮುದ್ದೆಯ ಸೀಮೆಯವರು, ಊರು ಬಿಟ್ಟು ಬಂದವರು, ಸಂಜೆಯಾದರೆ ಸೊಪ್ಪುಸಾರು ಕನವರಿಸುವವರು. ಹಾಗಾಗಿ ಯಾವ ವಿದ್ಯಾರ್ಥಿ ಯಾವ ಕಾಳು ತಂದರೂ ಅದನ್ನು ಹಿಟ್ಟು ಮಾಡಿಸಿ, ತೊಳಸಿ, ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ ನುಂಗಿದರು. ಮುದ್ದೆಯನ್ನು ಜಗಿಯಬಾರದು ಎಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಜಗಿದವನನ್ನು ಆ ಕಡೆ ಹೊರಗಿನವನೆಂದು ಗುರುತು ಹಿಡಿಯುತ್ತಾರೆ. ಉಂಡೆ ಜಾರಿದರೆ ತಳಿ ಪಾಸು, ಸಿಕ್ಕಿಕೊಂಡರೆ ಫೇಲು. ಅವರು ಸಾಲಾಗಿ ಕೂತು ನುಂಗುತ್ತಿದ್ದ ಹಲಗೆಗೆ ಹುಡುಗರು ನುಂಗುಮಣೆ ಎಂದು ತಮಾಷೆಗೆ ಹೆಸರಿಟ್ಟರು. ತಮಾಷೆಗಳ ತೊಂದರೆಯೇ ಇದು: ಯಾರೂ ನಗದೆ ಹೋದರೆ ಅವು ಸಂಸ್ಥೆಗಳಾಗುತ್ತವೆ. ಈಗ ನುಂಗುಮಣೆಗೆ ಅಧ್ಯಕ್ಷರಿದ್ದಾರೆ, ನಿಲುವಂಗಿ ಇದೆ, ಹಿತ್ತಾಳೆಯ ಬಟ್ಟಲಿದೆ. ಅದರ ಒಪ್ಪಿಗೆ ಇಲ್ಲದೆ ಸೀಮೆಯಲ್ಲಿ ಒಂದು ಕಾಳೂ ನೆಲಕ್ಕೆ ಬೀಳುವಂತಿಲ್ಲ.

ಇಲ್ಲಿನ ವಿದ್ಯಾರ್ಥಿಗಳು ಚುರುಕು. ಗುರುಗಳಿಗೆ ಏನು ಇಳಿಯುತ್ತದೆ ಎಂದು ಬೇಗ ಅರಿತರು. ಹೊಲಕ್ಕೆ ತಳಿ ಬೆಳೆಸುವುದನ್ನು ಬಿಟ್ಟು ಗಂಟಲಿಗೆ ತಳಿ ಬೆಳೆಸತೊಡಗಿದರು. ಟೆಫ್, ಫೋನಿಯೊ ಎಂಬ ಇಲ್ಲಿನ ಕಿರುಧಾನ್ಯಗಳು, ರಾಗಿ, ಜೋಳ, ಒಂದೊಂದರ ಒರಟನ್ನೂ ತಲೆಮಾರು ತಲೆಮಾರಾಗಿ ತೆಗೆದು ಹಾಕಿದರು. ಹೊಟ್ಟು ಹೋಯಿತು, ಹೊಟ್ಟೆಯ ದಾರಿ ಸುಗಮವಾಯಿತು. ಕಹಿಯೂ ಒಗರೂ ಹೋದವು. ಆ ಕಹಿ, ಆ ಒಗರೇ ಬೂಷ್ಟು, ಹಕ್ಕಿ ಬಾರದಂತೆ ಕಾಳಿಗೆ ಇದ್ದ ಬೇಲಿ ಎಂದು ಪಾಠದಲ್ಲಿ ಇತ್ತಂತೆ. ಪಾಠ ಇಂಗ್ಲಿಷಿನಲ್ಲಿತ್ತು. ಕೊನೆಗೆ ಎಲ್ಲಕ್ಕಿಂತ ನುಣ್ಣಗೆ ಜಾರಿದ ಒಂದೇ ಒಂದು ಜೋಳದ ತಳಿ ಉಳಿದವನ್ನೆಲ್ಲ ಹೊಲದಿಂದ ಆಚೆಗೆ ಜಾರಿಸಿತು. ಅದರ ಅಂಬಲಿಗೆ ನಾವು ನುಣ್ಣನ್ನ ಎನ್ನುತ್ತೇವೆ.

ನುಣ್ಣನ್ನದ ವಿಷಯ ಸ್ವಲ್ಪ ವಿವರಿಸಬೇಕು. ನೀವು ಊಟದ ಮೊದಲು ಇದನ್ನು ಓದುತ್ತಿದ್ದರೆ ಒಳ್ಳೆಯದೇ ಆಯಿತು. ಅದು ಬೂದಿ ಬಣ್ಣದ್ದು. ಬೀದಿಯ ಕೊಳವೆಯಿಂದ ಬೆಳಿಗ್ಗೆ ಸಂಜೆ ಮನೆಯ ಬಟ್ಟಲಿಗೆ ಇಳಿಯುತ್ತದೆ. ಬಿಸಿಯಲ್ಲ, ತಣ್ಣಗಲ್ಲ, ಯಾರೋ ಆಗಷ್ಟೇ ಎದ್ದುಹೋದ ಕುರ್ಚಿಯಷ್ಟು ಬೆಚ್ಚಗಿರುತ್ತದೆ. ಉಣ್ಣುವ ಕ್ರಮವೂ ಸರಳ: ಕತ್ತನ್ನು ಹಿಂದಕ್ಕೆ ಚಾಚಿ, ಬಾಯಿ ತೆರೆದು, ಗೂಡಿನ ಮರಿಗಳಂತೆ ಕೂರುವುದು; ಅದು ತಾನಾಗಿ ಹೋಗುತ್ತದೆ. ಹೋಗುವಾಗ ಗಂಟಲಿನೊಳಗೆ ಯಾವುದೋ ಬಸವನಹುಳು ತನ್ನ ಮನೆಗೆ ಹೊರಟಂತೆ ಭಾಸವಾಗುತ್ತದೆ. ರುಚಿ ಹೇಗೆಂದು ಕೇಳಿದರೆ ನಿಮ್ಮ ನಾಲಿಗೆಯನ್ನೇ ನೀವು ಚೀಪಿಕೊಂಡು ನೋಡಿ. ಜಗಿಯುವ ಕೆಲಸವಿಲ್ಲದೆ ನಮ್ಮ ದವಡೆಗಳು ಮಕ್ಕಳ ಆಟಿಕೆಯಷ್ಟಾಗಿವೆ. ಹಲ್ಲುಗಳು ಬರುವುದು ಮದುವೆಯ ಚಿತ್ರಕ್ಕೆ, ಆಮೇಲೆ ಅವಕ್ಕೂ ಬೇಸರವಾಗಿ ಬಹುಪಾಲು ಬಿದ್ದುಹೋಗಿ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಹಲ್ಲಿನ ವೈದ್ಯರ ಮನೆತನಗಳು ಈಗ ಹೂ ಕಟ್ಟಿ ಜೀವಿಸುತ್ತವೆ. ನಮಗೆ ಸಿಟ್ಟು ಬಂದರೆ ಹಲ್ಲು ಕಡಿಯಲೂ ಆಗುವುದಿಲ್ಲ. ಅದಕ್ಕೇ ಪತ್ರ ಬರೆಯುತ್ತೇವೆ.

ಇಷ್ಟನ್ನೂ ಸಹಿಸಿಕೊಂಡಿದ್ದೆವು. ಈಚೆಗೆ ನುಣ್ಣನ್ನದ ತೆನೆಗೆ ಜೊಲ್ಲುರೋಗ ಬಂತು. ಹೆಸರೇ ಹೇಳುವಂತೆ ತೆನೆ ಜೊಲ್ಲು ಸುರಿಸುತ್ತದೆ. ಹೊಲದ ಬದುವಿನಲ್ಲಿ ನಡೆದರೆ ಹಲ್ಲಿಲ್ಲದ ಒಂದು ದೊಡ್ಡ ಬಾಯಿ ನಿಮ್ಮ ಮೇಲೆ ಬಗ್ಗಿ ನಿಂತಂತೆ ಮೈಗೆ ಎಳೆ ಎಳೆಯಾಗಿ ಅಂಟುತ್ತದೆ. ಕಣಜಗಳ ಬಾಗಿಲು ತೆಗೆದರೆ ಮದುವೆಯ ಮಾರನೆಯ ದಿನದ ಎಂಜಲೆಲೆ ಗುಂಡಿಯ ವಾಸನೆ. ಕಾಳಿಗೆ ಬೇಲಿಯೇ ಇಲ್ಲದ ಮೇಲೆ ರೋಗಕ್ಕೆ ಗೇಟೇಕೆ? ಒಂದು ಸೀಮೆಯಿಂದ ಇನ್ನೊಂದಕ್ಕೆ ಅದು ತೀರ್ಥಯಾತ್ರೆಯಂತೆ ಸಾಗಿತು. ಕೊಳವೆ ಮೊದಲು ಸಂಜೆ ನಿಂತಿತು. ಈಗ ದಿನ ಬಿಟ್ಟು ದಿನ ಬೆಳಿಗ್ಗೆಯೂ ನಿಲ್ಲುತ್ತದೆ. ನಾವು ಅಸಹ್ಯಪಡುತ್ತಿದ್ದ ಊಟಕ್ಕೇ ಈಗ ಕಾದು ಕೂರುತ್ತೇವೆ. ನನ್ನ ಮಟ್ಟಿಗೆ ಇದಕ್ಕಿಂತ ಹೇಸಿಗೆಯ ಸ್ಥಿತಿ ಮತ್ತೊಂದಿಲ್ಲ.

ಬೀಜಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿನಿ ಅಮೊಡಿಂಗ್ ಬಂಬಾರ ಕಾಳನ್ನು ಹಿಡಿದುಕೊಂಡು ಎದ್ದು ನಿಂತದ್ದು ಈ ಸಂದರ್ಭದಲ್ಲಿ. ಬಂಬಾರ ಎಂದರೆ ನಿಮ್ಮ ಕಡಲೆಕಾಯಿಯ ಆಫ್ರಿಕದ ಸೋದರತ್ತೆ. ಹೂವನ್ನು ನೆಲದ ಮೇಲೆ ಬಿಟ್ಟು ಕಾಯಿಯನ್ನು ಮಣ್ಣೊಳಗೆ ಬಚ್ಚಿಡುವ ಗಿಡ. ಮರಳಾದರೂ ಸೈ, ಬಿಸಿಲಾದರೂ ಸೈ. ಎಲ್ಲರೂ ಮರೆತಿದ್ದ ಇದನ್ನು ಅವಳು ಪಾಳುಬಿದ್ದ ಒಂದು ಹಟ್ಟಿಯ ಪಕ್ಕ, ಹುತ್ತದ ಬುಡದಲ್ಲಿ ಕಂಡಳು. ತಂದು ಬೆಳೆದಳು, ಮೆತ್ತಗಿನ ಬಿಳಿಯವನ್ನು ಬಿಟ್ಟು ಚುಕ್ಕೆ ಇರುವ ಗಟ್ಟಿ ಕಾಳನ್ನೇ ಆರಿಸಿದಳು, ಮತ್ತೆ ಬೆಳೆದಳು. ಓದಿನ ಕಾಲವೆಲ್ಲ ಆ ಕಾಳಿನ ಕಾಳಜಿಯಲ್ಲೇ ಕಳೆಯಿತು. ಸುತ್ತಲ ಹೊಲಗಳೆಲ್ಲ ಜೊಲ್ಲು ಸುರಿಸುವಾಗ ಅವಳ ಪಾತಿ ಒಣಗಿದ ಕಣ್ಣಿಂದ ನಮ್ಮನ್ನೆಲ್ಲ ನೋಡುತ್ತಿತ್ತು. ಅಮೊಡಿಂಗಳದ್ದು ದೊಡ್ಡ ಗಂಟಲು, ಆದರೆ ನುಂಗುವ ಬಗೆಯದಲ್ಲ. ದಿಣ್ಣೆಯ ಈ ಬದಿಯಲ್ಲಿ ಅವಳು ಪಿಸುಗುಟ್ಟಿದರೆ ಆ ಬದಿಯವರು ಉತ್ತರ ಕೊಡುತ್ತಾರೆ.

ನುಂಗುಮಣೆಯ ನಿಯಮ ಹೀಗಿದೆ. ತಳಿಗಾರ್ತಿ ತನ್ನ ಬೀಜವಷ್ಟನ್ನೂ ಒಂದೇ ಚೀಲದಲ್ಲಿ ಮಣೆಯ ಮುಂದೆ ತಂದಿಡಬೇಕು. ಒಪ್ಪಿಗೆಯಾದರೆ ಅದು ಸೀಮೆಯ ಹೊಲಗಳಿಗೆ ಹಂಚಿಕೆಯಾಗುತ್ತದೆ. ಆಗದಿದ್ದರೆ ಅಂದೇ ಹಂಡೆಯಲ್ಲಿ ಕುದಿಸಿ ಗೊಬ್ಬರದ ಗುಂಡಿಗೆ ಸುರಿಯುತ್ತಾರೆ, ಒಪ್ಪಿತ ತಳಿಯೊಡನೆ ಬೆರೆಯದಿರಲಿ ಎಂದು. ಬೆರಕೆಯ ಈ ಭಯವನ್ನೂ ನಿಮ್ಮವರೇ ಕಲಿಸಿ ಹೋದದ್ದು. ಬಂಬಾರ ಬೇರೆಲ್ಲೂ ಉಳಿದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಮೊಡಿಂಗ್ ಮಣೆಯ ಮುಂದೆ ಇಳಿಸಿದ ಚೀಲದಲ್ಲಿ ಇದ್ದದ್ದು ಜಗತ್ತಿನ ಬಂಬಾರವಷ್ಟೂ.

ಮಣೆಯ ಅಧ್ಯಕ್ಷರು ಚಿಕ್ಕಬೋರಯ್ಯ ಒಕಿರೋರ್ ಅವರು. ದೊಡ್ಡ ಮನುಷ್ಯರು, ಅವರ ಗಂಟಲು ದಿಣ್ಣೆಯ ಹೆಮ್ಮೆ. ಕಣ್ಣು ಮಿಟುಕಿಸದೆ ಉಂಡೆಯ ಮೇಲೆ ಉಂಡೆ ಇಳಿಸುತ್ತಾರೆ, ಅತಿಥಿಗಳು ಬಂದಾಗ ಅದನ್ನು ತೋರಿಸುವುದೂ ಉಂಟು. ಅಮೊಡಿಂಗ್ ಬೇಯಿಸಿದ ಕಾಳನ್ನು ಒರಟಾಗಿ ಕುಟ್ಟಿ, ಎಳ್ಳು ಉಪ್ಪು ಬೆರೆಸಿ ಎಲೆಯ ಮೇಲೆ ಬಡಿಸಿದ್ದಳು. ಅಧ್ಯಕ್ಷರು ಎಲೆಯನ್ನು ನೋಡಿ, ಆಕಾಶ ನೋಡಿ, ಉಂಡೆ ಕಟ್ಟಲು ಹೇಳಿದರು. “ಸಾ, ಇದ ನುಂಗಂಗಿಲ್ಲ. ಬಾಯಲ್ಲಿ ಮಡೀಕಂಡು ಜಗೀಬೇಕು ಕನ ಸಾ” ಎಂದಳು ಅಮೊಡಿಂಗ್. “ಜಗಿಯಾದಾ? ನಾನೇನ್ ಎಮ್ಮೆನಾ ಮಗಾ, ಮೆಲುಕಾಕ್ಕಂಡ್ ಕುಂತ್ಕಳಕ್ಕೆ?” ಎಂದರು ಅಧ್ಯಕ್ಷರು. ಮಣೆಯವರು ನಕ್ಕರು. ಅಧ್ಯಕ್ಷರು ಮಾತು ಆಡಿದಾಗ ನಗುವುದು ಮಣೆಯ ಎರಡನೆಯ ಕರ್ತವ್ಯ. ಉಂಡೆ ಕಟ್ಟಿದ್ದಾಯಿತು, ಅದ್ದಿದ್ದಾಯಿತು, ಬಾಯಿಗೆ ಹೋದದ್ದೂ ಆಯಿತು.

ಮುಂದಿನದನ್ನು ಬರೆಯಲು ನನಗೆ ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಧ್ಯಕ್ಷರ ಮುಖ ಮೊದಲು ಗಂಭೀರವಾಯಿತು, ಆಮೇಲೆ ನೇರಳೆಯಾಯಿತು. ಅಡುಗೆಮನೆಯ ಅಜಿಲೊಂಗಜ್ಜಿ ಸೌಟಿನೊಡನೆ ಓಡಿಬಂದು, “ಬಗ್ಗಯ್ಯಾ, ಬಗ್ಗು! ನಿಲುವಂಗಿ ಎತ್ಕಂಡು ಬಗ್ಗು!” ಎಂದು ಅವರ ಬೆನ್ನಿಗೆ ಬಾರಿಸಿದಳು. ಉಂಡೆ ಹೊರಬಂತು. ಹೋದಷ್ಟೇ ದುಂಡಗೆ, ಒಂದು ಹಲ್ಲಿನ ಗುರುತೂ ಇಲ್ಲದೆ, ಜೊಲ್ಲಿನ ದಾರವನ್ನು ಹಿಂದೆ ಎಳೆಯುತ್ತ ಅದು ಮಣೆಯ ಕೆಳಗೆ ಉರುಳಿ ನಿಂತಿತು. ಮಣೆಯವರು ಒಬ್ಬೊಬ್ಬರಾಗಿ ಬಗ್ಗಿ ಅದನ್ನು ನೋಡಿದರು. ಅಧ್ಯಕ್ಷರು ಕಣ್ಣು ಒರೆಸಿಕೊಂಡು ಗಂಟಲಡ್ಡ ಎಂದರು. ಫೇಲಾದ ತಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. “ಫೇಲಾಗಿರಾದು ನಿಮ್ ಗಂಟ್ಲು ಸಾ, ನನ್ ಕಾಳಲ್ಲ!” ಎಂದು ಅಮೊಡಿಂಗ್ ಕೂಗಿದಳು. “ಒಂದ್ ಕಾಳು. ಒಂದೇ ಒಂದ್ನ ಹಲ್ಲಲ್ಲಿ ಕಡ್ದು ನೋಡಿ. ನಿಮ್ ಕಾಲಿಗ್ ಬೀಳ್ತೀನಿ.” ಬಿದ್ದಳು ಕೂಡ. ಅಧ್ಯಕ್ಷರು ಕಾಲು ಹಿಂದಕ್ಕೆಳೆದುಕೊಂಡು, “ಅದೆಲ್ಲ ನಡಿಯಕ್ಕಿಲ್ಲ ಕನವ್ವ. ಅಜ್ಜಿ, ಹಂಡೆ ಇಡು” ಎಂದರು.

ಹಂಡೆ ಇಟ್ಟರು. ಚೀಲ ಸುರಿಯಲು ಅಮೊಡಿಂಗ್ ಯಾರನ್ನೂ ಬಿಡಲಿಲ್ಲ. ತಾನೇ ಎತ್ತಿ, ತಾನೇ ಸುರಿದು, ಖಾಲಿ ಚೀಲವನ್ನು ಕೊಡವಿ ಮಡಿಸಿದಳು. ನೀರು ಕುದಿಯಿತು. ಸ್ವಲ್ಪ ಹೊತ್ತಿಗೆ ದಿಣ್ಣೆಯ ಮೇಲೆಲ್ಲ ಒಂದು ವಾಸನೆ ಹರಡಿತು. ಹುರಿದ ಕಡಲೆಯದೇ, ಬಿಸಿಲು ಕಾಸಿದ ಮಣ್ಣಿನದೇ, ಗೊತ್ತಾಗಲಿಲ್ಲ. ವಾಸನೆಗಳಿಗೆ ಹೆಸರಿಡುವ ಅಭ್ಯಾಸ ತಪ್ಪಿ ನಮಗೆ ಬಹಳ ಕಾಲವಾಗಿತ್ತು. ಅಂದು ಕೊಳವೆ ನಿಂತ ದಿನ. ಜನ ಬಾಗಿಲು ತೆಗೆದು ಹೊರಬಂದರು, ಮೂಗು ಎತ್ತಿಕೊಂಡು ಹಂಡೆಯ ಸುತ್ತ ನೆರೆದರು. ಅಜಿಲೊಂಗಜ್ಜಿ ಸೌಟಾಡಿಸುತ್ತ, “ಇಂತಾ ಗಮಗುಡೋದ್ನ ಗುಂಡಿಗೆ ಸುರೀಬೇಕೇನವ್ವ? ಉಪ್ಪಾಕ್ಲಾ?” ಎಂದು ಕೇಳಿದಳು. “ಹಾಕಜ್ಜಿ” ಎಂದಳು ಅಮೊಡಿಂಗ್, “ಸತ್ತಿರಾದ್ಕೆ ಉಪ್ಪಾದ್ರೂ ಇರ್ಲಿ.”

ಆಮೇಲೆ ದಿಣ್ಣೆಯ ಜನ ಜಗಿಯಲು ಕಲಿತರು. ಯಾವ ಕಡೆಯಿಂದ ಶುರು ಮಾಡಬೇಕೆಂದು ಯಾರಿಗೂ ತಿಳಿಯದು. ಕೆಲವರು ನಾಲಿಗೆ ಕಚ್ಚಿಕೊಂಡರು, ಕೆಲವರು ಕೆನ್ನೆ. ದವಡೆಯನ್ನು ಎರಡೂ ಕೈಯಿಂದ ಹಿಡಿದು ಮೇಲೆ ಕೆಳಗೆ ಆಡಿಸಿದವರುಂಟು. ಬಾಯಿಂದ ಕಚಕ್ ಎಂದು ಸದ್ದು ಬಂದಾಗ ಹೆದರಿ ಕಾಳನ್ನು ಉಗಿದು, ಮತ್ತೆ ಎತ್ತಿ ಬಾಯಿಗೆ ಹಾಕಿಕೊಂಡವರೂ ಉಂಟು. “ಏ ನೋವಾಯ್ತದೆ ಕಲಾ!” “ನೋವಾದ್ರೂ ಬುಡಬ್ಯಾಡ, ಅರಿ, ಅರಿ!” ಎಂಬ ಮಾತುಗಳು ತುಂಬಿದ ಬಾಯಿಗಳಿಂದ ಹೊರಟವು. ನಾನೂ ತಿಂದೆ. ಮೊದಲು ಹಿಟ್ಟುಹಿಟ್ಟು, ಆಮೇಲೆ ಒಂದಿಷ್ಟು ಒಗರು, ಆಮೇಲೆ ನನಗೆ ಹೆಸರು ಗೊತ್ತಿಲ್ಲದ ಒಂದು ಸಂಗತಿ. ನನ್ನ ಬಾಯಿ ಇಷ್ಟು ದಿನ ಬರೀ ಒಂದು ಬಾಗಿಲಾಗಿತ್ತು; ಅಂದು ಅದು ಮನೆಯಾಯಿತು.

ಅಧ್ಯಕ್ಷರು ದೂರ ನಿಂತಿದ್ದರು. ಹಸಿವಿಗೆ ನಿಲುವಂಗಿ ಗೊತ್ತಾಗುವುದಿಲ್ಲ. ಮೆಲ್ಲಗೆ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡರು. ಎಲ್ಲರೂ ನೋಡುತ್ತಿದ್ದೆವು. ಅವರು ಕಚ್ಚಿದರು, ನಿಂತರು, ಮತ್ತೆ ಕಚ್ಚಿದರು. “ಅಲ್ಲ ಮಗಾ, ಜಗೀತಾ ಜಗೀತಾ ಸೀ ಬತ್ತದಲ್ಲ ಇದು?” ಎಂದರು. ಎಲೆ ಚಾಚಿದರು, ಮತ್ತೆ ಚಾಚಿದರು. ಅವರ ಹಿಂದೆ ಮಣೆಯವರೆಲ್ಲ ಚಾಚಿದರು. ಕೊನೆಗೆ ಅಧ್ಯಕ್ಷರು ಬಾಯಿ ತುಂಬಿಕೊಂಡೇ ನುಂಗುಮಣೆಯ ಮೇಲೆ ಹತ್ತಿ ನಿಂತು, ನಿಲುವಂಗಿ ಸರಿಮಾಡಿಕೊಂಡು, “ತಪ್ಪಾಯ್ತು ಕನ್ರಪ್ಪಾ. ಈ ತಳಿ ಪಾಸು! ನಾಳೆಯಿಂದ್ಲೇ ಸೀಮೆಗೆಲ್ಲ ಬಿತ್ನೆ!” ಎಂದು ಸಾರಿದರು. ಜನ ಕೈತಟ್ಟಿದರು, ಕುಣಿದರು. “ಎಲ್ಲವ್ವ ಅಮೊಡಿಂಗು, ತತ್ತಾ ಬೀಜವ” ಎಂದು ಅಧ್ಯಕ್ಷರು ಕೈ ಚಾಚಿದರು.

“ನಿಮ್ ಬಾಯೊಳಗದೆ ಸಾ” ಎಂದಳು ಅಮೊಡಿಂಗ್.

ಅಧ್ಯಕ್ಷರ ದವಡೆ ನಿಂತಿತು. ಎಲ್ಲರ ದವಡೆಗಳೂ ನಿಂತವು. ಅಜಿಲೊಂಗಜ್ಜಿ ಹಂಡೆಯೊಳಗೆ ಸೌಟು ಆಡಿಸಿದಳು; ತಳ ಕೆರೆದ ಸದ್ದು ಮಾತ್ರ ಬಂತು. “ಒಂದ್ ಹಿಡಿನಾದ್ರೂ ಮಡಗಿರ್ನಿಲ್ವಾ ಮಗಾ?” ಎಂದು ಅಧ್ಯಕ್ಷರು ತೀರ ಸಣ್ಣ ದನಿಯಲ್ಲಿ ಕೇಳಿದರು. “ಮಡಗ್ಬಾರ್ದು ಅಂತ ನೀವೇ ಅಲ್ವಾ ಕಲ್ಸಿದ್ದು” ಎಂದಳು. ಆಮೇಲೆ, “ಜಗೀತೀರ ಅನ್ಕಂಡಿದ್ದೆ ಸಾ” ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ನಡೆದದ್ದನ್ನು ಮರೆಯಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಅಧ್ಯಕ್ಷರು ಬಾಯಿಗೆ ಬೆರಳು ಹಾಕಿ ಅರ್ಧ ಅರೆದ ಒಂದು ಕಾಳನ್ನು ತೆಗೆದರು. ನಿಲುವಂಗಿಗೆ ಒರೆಸಿದರು. ಮಣೆಯಿಂದ ಇಳಿದು, ಮಂಡಿಯೂರಿ, ಹೆಬ್ಬೆರಳಿನಿಂದ ಅದನ್ನು ಮಣ್ಣಿಗೆ ಒತ್ತಿ ಮುಚ್ಚಿದರು. ಪಕ್ಕದವರು ನೋಡಿದರು, ಅವರೂ ಉಗಿದು ನೆಟ್ಟರು. ಬೆಂದದ್ದನ್ನು, ಅಗಿದದ್ದನ್ನು, ಎಂಜಲನ್ನು, ಕೆಲವರು ಗಂಟಲಿಗೆ ಬೆರಳಿಟ್ಟು ಕಾರಿಕೊಂಡದ್ದನ್ನು ದಿಣ್ಣೆಯ ಜನವೆಲ್ಲ ಸಾಲು ಹಿಡಿದು ನೆಟ್ಟರು, ನೀರು ಹೊಯ್ದರು. ನೊಣಗಳಿಗೆ ಹಬ್ಬವಾಯಿತು. ತಳಿವಿದ್ಯೆ ಕಲಿತ ಇಡೀ ಶಾಲೆ ಬೆಂದ ಕಾಳಿಗೆ ಪಾತಿ ಮಾಡುತ್ತಿತ್ತು. ನಾನೂ ನೆಟ್ಟೆ. ಅಮೊಡಿಂಗ್ ಒಬ್ಬಳೇ ನೆಡಲಿಲ್ಲ. ಅವಳು ತಳಿಗಾರ್ತಿ.

ಆದ್ದರಿಂದ ಈ ಪತ್ರ. ನಿಮ್ಮ ಕಾಲದಲ್ಲಿ ಬಂಬಾರ ಇನ್ನೂ ಇದೆ. ಈ ಸೀಮೆಯ ಹೆಂಗಸರು ಅದನ್ನು ಮನೆಯ ಬದುವಿನಲ್ಲಿ ಬೆಳೆಯುತ್ತಾರೆ, ಬೇಯಿಸಿ ಸಂತೆಗೆ ತರುತ್ತಾರೆ. ನಿಮ್ಮಲ್ಲಿ, ಇಲ್ಲವೆ ನಿಮ್ಮ ಮಕ್ಕಳಲ್ಲಿ ಯಾರಾದರೂ ಆಫ್ರಿಕದ ತಳಿಗಾರರಿಗೆ ಕಲಿಸಲೆಂದು ಪೆಟ್ಟಿಗೆ ಕಟ್ಟುತ್ತಿದ್ದರೆ, ಕಟ್ಟಿ, ಸಂತೋಷ. ಅಳತೆಯ ಸಾಮಾನು ತನ್ನಿ, ವಿದ್ಯೆ ತನ್ನಿ, ಬೇಕಿದ್ದರೆ ಬೈಗುಳವನ್ನೂ ತನ್ನಿ. ನಿಮ್ಮ ಗಂಟಲನ್ನು ಮಾತ್ರ ಅಳತೆಗೋಲಾಗಿ ತರಬೇಡಿ. ನಿಮ್ಮೆದುರು ಕೂತ ಹುಡುಗಿಯ ಮನೆಯಲ್ಲಿ ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂದು ಅವಳನ್ನು ಕೇಳಿ. ಅವಳು ಹೇಳಿಕೊಟ್ಟಂತೆ ತಿನ್ನಿ. ದವಡೆ ನೋಯಲಿ. ಒಗರಾದರೆ ಮುಖ ಕಿವುಚಿಕೊಳ್ಳಿ, ಆದರೆ ಒಗರನ್ನು ಕೀಳಬೇಡಿ. ಬೀಜ ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬರಲು ಯಾವ ಯಂತ್ರವೂ ಬೇಡ. ವರ್ಷಕ್ಕೊಮ್ಮೆ ಯಾರಾದರೂ ಬಿತ್ತಿದರೆ ಸಾಕು, ನಡೆದುಕೊಂಡೇ ಬರುತ್ತದೆ.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ಅಮೊಡಿಂಗ್ ಬಾಗಿಲಿಗೆ ಬಂದಳು. ಓದಿ ಹೇಳಿದೆ. ಅವಳಿಗೆ ನಿಮ್ಮ ಮೇಲೆ ನನಗಿರುವಷ್ಟೂ ನಂಬಿಕೆ ಇಲ್ಲ. “ಬೀಜಕ್ಕೆ ಚುಕ್ಕೆ ಇರಾವು ಅಂತ ಬರೀರಿ ಮೇಷ್ಟ್ರೆ” ಎಂದಳು. “ಸಂತೇಲಿ ಎರಡೂ ಸಿಗ್ತಿದ್ದೋ ಏನೋ. ಬಿಳೀವು ಮೆತ್ತಗಿರ್ತವೆ. ಹೇಳ್ದಿದ್ರೆ ಅವ್ರು ಅವ್ನೇ ಎತ್ಕತಾರೆ.”

ಚುಕ್ಕೆ ಇರುವವು.

ಇಂತಿ,
ಮರಿಲಿಂಗ ಒಪೊಲೊಟ್